ಎದುರು ಬದಿಯಿಂದ ಕಂಡ ಮನೆ

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ದೆಸಾಂಕಾಳ ಮನೆಯ ಮುಂಗೋಡೆಯಿಂದ ಅರ್ಧ ಮುಖ ಕಳಚಿ ಬಿತ್ತು.

ಗಾರೆಯ ಮುಖ. ಮೇಲಂತಸ್ತಿನ ಮೂರು ಕಿಟಕಿಗಳ ನೆತ್ತಿಯ ಮೇಲೆ ಮೂರು ಹೆಣ್ಣುಮುಖಗಳಿದ್ದವು. ಎಡಗಡೆಯದರ ಮೂಗು, ಬಾಯಿ, ಒಂದು ಕೆನ್ನೆ ಸೇರಿ ಫುಟ್‌ಪಾತಿಗೆ ಬಿದ್ದು ಪುಡಿಯಾಯಿತು. ಅಂಚೆ ಹಂಚುವ ಹೆಂಗಸು ಆಗಷ್ಟೇ ಸೈಕಲ್ಲನ್ನು ಗೋಡೆಗೆ ಒರಗಿಸಿ ಅಂಗಡಿಯೊಳಗೆ ಬಂದಿದ್ದಳು. ಸೈಕಲ್ಲಿನ ಬುಟ್ಟಿ ಅಪ್ಪಚ್ಚಿಯಾಯಿತು.

"ಒಂದು ನಿಮಿಷ ತಡವಾಗಿದ್ರೆ ಬುಟ್ಟಿ ಜಾಗದಲ್ಲಿ ನನ್ನ ತಲೆ ಇರ್ತಿತ್ತು ದೆಸಾಂಕಾ" ಎಂದಳು ಅವಳು. ಕಾಗದಗಳನ್ನು ಹೆಕ್ಕಿಕೊಂಡು, ಒಂದು ಲೋಟ ನೀರು ಕುಡಿದು ಹೋದಳು.

ವಾರ ಕಳೆಯುವಷ್ಟರಲ್ಲಿ ನಗರಸಭೆಯ ನೋಟಿಸು ಬಂತು. ನಲವತ್ತು ದಿನದೊಳಗೆ ಮುಂಗೋಡೆಯನ್ನು ಭದ್ರಪಡಿಸಬೇಕು, ಇಲ್ಲವಾದರೆ ದಂಡ.

ನೋವಿ ಬ್ರೊದ್ ಹಂಗೇರಿಯ ಗಡಿಗೆ ಹತ್ತಿರ, ತಿಸಾ ನದಿಯ ದಂಡೆಯ ಸಣ್ಣ ಊರು. ಅಲ್ಲಿನ ದೊಡ್ಡ ಬೀದಿಯಲ್ಲಿ ದೆಸಾಂಕಾಳ ಮನೆ. ಕೆಳಗೆ ಗುಂಡಿ, ಜಿಪ್ಪು, ದಾರದುಂಡೆ, ಲೇಸು ಮಾರುವ ಅಂಗಡಿ. ಮೇಲೆ ಸಂಸಾರ. ಹಿಂದೆ ಅದು ಸರಕಾರದ ಅಂಗಡಿಯಾಗಿದ್ದಾಗ ಗುಂಡಿ ಮಾರುವ ಕೆಲಸಕ್ಕೆ ಸೇರಿದ ದೆಸಾಂಕಾ, ಮೇಲಂತಸ್ತಿನಲ್ಲಿದ್ದ ರೈಲ್ವೆ ನೌಕರನ ಮಗ ಝಿವಾನನನ್ನು ಮದುವೆಯಾಗಿ ಅಲ್ಲೇ ಉಳಿದಳು. ಈಗ ಅಂಗಡಿಯೂ ಅವಳದೇ, ಮನೆಯೂ ಅವರದೇ. ಝಿವಾನನೂ ರೈಲ್ವೆಯಲ್ಲೇ ದುಡಿದು ನಿವೃತ್ತನಾಗಿದ್ದ.

ಮನೆಯ ಕಾಯಿಲೆ ಒಂದೆರಡಲ್ಲ. ಅಂಗಡಿಯ ಗೋಡೆ ಮೊಣಕಾಲೆತ್ತರದವರೆಗೆ ತೇವ. ಚಳಿಗಾಲದಲ್ಲಿ ಒಲೆ ಎಷ್ಟು ಉರಿದರೂ ಕಿಟಕಿಯ ಸಂದಿಯಿಂದ ಗಾಳಿ ನುಗ್ಗಿ ಪರದೆ ಅಲ್ಲಾಡುತ್ತಿತ್ತು. ಝಿವಾನ್ ಮನೆಯೊಳಗೇ ಉಣ್ಣೆಯ ಟೋಪಿ ಹಾಕಿಕೊಂಡು ಕೂರುತ್ತಿದ್ದ.

ನೋಟಿಸು ಬಂದ ಮರುದಿನವೇ ಮಿಲೆ ಬಂದ. ಅರ್ಧ ಊರಿನ ಮನೆಗಳಿಗೆ ಚಳಿ ತಡೆಯುವ ಥರ್ಮೋಕೋಲ್ ಹಲಗೆ ಅಂಟಿಸಿದ ಗುತ್ತಿಗೆದಾರ. ರಸ್ತೆಯಲ್ಲಿ ನಿಂತು ಕತ್ತೆತ್ತಿ ನೋಡಿ, ಒಳಗೆ ಬಂದು ಕೂತ.

"ದೆಸಾಂಕಕ್ಕಾ, ಇದೆಲ್ಲ ಮುಗಿದ ಕಥೆ. ಆ ಮುಖ, ಬಳ್ಳಿ, ಸೂರಿನ ಕೆಳಗಿನ ಆ ತಟ್ಟೆಗಳು, ಎಲ್ಲ ಕೆತ್ತಿ ಎಸೀತೀನಿ. ಹತ್ತು ಸೆಂಟಿಮೀಟರ್ ಥರ್ಮೋಕೋಲ್ ಹೊಡೆದು, ಮೇಲೆ ಒಂದು ಬಣ್ಣ. ಮರದ ಕಿಟಕಿ ಕಿತ್ತು ಪ್ಲಾಸ್ಟಿಕ್ ಕಿಟಕಿ. ಎರಡೇ ವಾರ. ಮನೆ ಮೊಟ್ಟೆ ಸಿಪ್ಪೆ ಹಾಗೆ ನುಣ್ಣಗಾಗುತ್ತೆ."

"ಬೆಚ್ಚಗಿರುತ್ತಾ?" ಝಿವಾನ್ ಕೇಳಿದ.

"ಝಿವಾನಣ್ಣ, ಜನವರೀಲಿ ನೀವು ಬನಿಯನ್‌ನಲ್ಲಿ ಕೂತಿರ್ತೀರಿ."

ಝಿವಾನ್ ಟೋಪಿ ತೆಗೆದು ಮೇಜಿನ ಮೇಲಿಟ್ಟ. ಒಪ್ಪಂದವಾದಂತೆಯೇ. ಪ್ಲಮ್ ಬ್ರಾಂಡಿಯ ಸಣ್ಣ ಲೋಟಗಳು ಬಂದವು, ಕೈಕೈ ಕುಲುಕಿದರು. ಈಸ್ಟರ್ ಕಳೆದ ಮರುವಾರ ಕೆಲಸ ಶುರು ಎಂದಾಯಿತು.

ಅದಾದ ಎರಡು ದಿನಕ್ಕೆ ಎರ್ಜಿಕಾ ಅಂಗಡಿಗೆ ಬಂದಳು. ಎಪ್ಪತ್ತೊಂದು ವರ್ಷದ ಹಂಗೇರಿಯನ್ ಹೆಂಗಸು, ಹಿಂದಿನ ಬೀದಿಯವಳು. ನಗರಸಭೆಯ ಕಟ್ಟಡ ವಿಭಾಗದಲ್ಲಿ ನಕ್ಷೆ ಬರೆಯುವ ಕೆಲಸ ಮಾಡಿ ನಿವೃತ್ತಳಾದವಳು. ಸ್ವೆಟರಿಗೆ ನಾಲ್ಕು ಗುಂಡಿ ಬೇಕಿತ್ತು. ಗುಂಡಿ ಆರಿಸುತ್ತ ಮೇಜಿನ ಮೇಲಿದ್ದ ನೋಟಿಸನ್ನೂ ಓದಿದಳು.

"ಏನು ಮಾಡ್ತಿದ್ದೀಯ?"

"ಮಿಲೆಗೆ ಹೇಳಿದ್ದೀವಿ ಎರ್ಜಿಕಕ್ಕ. ಎಲ್ಲ ಕೆತ್ತಿ ಸಾಫು ಮಾಡ್ತಾನಂತೆ."

ಎರ್ಜಿಕಾ ಆರಿಸಿದ ಗುಂಡಿಗಳನ್ನು ಕೆಳಗಿಟ್ಟಳು. "ದೆಸಾಂಕಾ, ಈ ಅಂಗಡಿಗೆ ಬಂದು ಎಷ್ಟು ವರ್ಷ ಆಯ್ತು ನೀನು?"

"ಮೂವತ್ತನಾಲ್ಕು."

"ಮೂವತ್ತನಾಲ್ಕು ವರ್ಷದಲ್ಲಿ ಒಂದು ಸಲನಾದರೂ ಎದುರು ಬದಿಗೆ ಹೋಗಿ ನಿಂತು ನಿನ್ನ ಮನೆ ನೋಡಿದ್ದೀಯ?"

"ಎದುರು ಬದೀಲಿ ನನಗೇನು ಕೆಲಸ? ಅಲ್ಲಿರೋದು ವಿಮೆ ಕಚೇರಿ."

"ಬಾ. ಬೀಗ ಹಾಕು. ಇಪ್ಪತ್ತು ಹೆಜ್ಜೆ, ಅಷ್ಟೆ."

ದೆಸಾಂಕಾಳಿಗೆ ಸ್ವಲ್ಪ ಸಿಟ್ಟೇ ಬಂತು. ಆದರೂ ಹಿರಿಯಳ ಮಾತು ತೆಗೆದುಹಾಕಲಾಗದೆ ಬೀಗ ಹಾಕಿ ರಸ್ತೆ ದಾಟಿದಳು. ತಿರುಗಿ ನಿಂತಳು. ಅವಳು ಮೂವತ್ತನಾಲ್ಕು ವರ್ಷದಿಂದ ಆ ಮನೆಯ ಬಾಗಿಲನ್ನು ಬಲ್ಲಳು, ಬೀಗವನ್ನು ಬಲ್ಲಳು, ಗುಡಿಸುವ ಫುಟ್‌ಪಾತಿನ ಒಂದೊಂದು ಬಿರುಕನ್ನೂ ಬಲ್ಲಳು. ಆದರೆ ಇಡೀ ಮನೆಯನ್ನು ಒಂದೇ ನೋಟಕ್ಕೆ ನೋಡಿರಲಿಲ್ಲ. ಕಿಟಕಿಗಳ ನಡುವೆ ಗಾರೆಯ ಬಳ್ಳಿಗಳು ಕೆಳಗಿನಿಂದ ಮೇಲಕ್ಕೆ ಹಬ್ಬಿ, ಹೆಣ್ಣುಗಳ ಹರಡಿದ ಕೂದಲಿನೊಳಗೆ ಸೇರಿಕೊಂಡಿದ್ದವು. ಸೂರಿನ ಕೆಳಗೆ ಉದ್ದಕ್ಕೂ ದುಂಡನೆಯ ತಟ್ಟೆಗಳ ಸಾಲು. ಬಣ್ಣ ಬೂದಿಯಾಗಿತ್ತು, ಅಲ್ಲಲ್ಲಿ ಉದುರಿತ್ತು. ಅಕ್ಕಪಕ್ಕದ ಮನೆಗಳಿಗಿಂತ ಈ ಮನೆ ಮೈಯೆಲ್ಲ ಜೀವವಾಗಿ ನಿಂತಂತಿತ್ತು.

"ಇದಕ್ಕೆ ಸೆಸೆಶನ್ ಶೈಲಿ ಅಂತಾರೆ" ಎಂದಳು ಎರ್ಜಿಕಾ. "ನೂರು ಚಿಲ್ಲರೆ ವರ್ಷದ ಹಿಂದಿನ ಹೊಸ ಫ್ಯಾಷನ್ನು. ಹೂವು, ಬಳ್ಳಿ, ಹೆಣ್ಣುಮುಖ, ನೆಟ್ಟಗಿರೋ ಗೆರೆ ಅಂದ್ರೆ ಆಗಲ್ಲ ಅವರಿಗೆ. ಆ ಪಕ್ಕದ ಶಾಲೆ ನೋಡು. ನೆಟ್ಟಗಿನ ಕಂಬ, ಮೇಲೆ ತ್ರಿಕೋನ. ಅದು ಇದಕ್ಕಿಂತ ಎಪ್ಪತ್ತು ವರ್ಷ ಹಳೇದು. ಆಗಿನವರಿಗೆ ಶಿಸ್ತು ಬೇಕಿತ್ತು. ಮೂಲೆಯ ಔಷಧಿ ಅಂಗಡಿ, ದುಂಡಗೆ ತಿರುಗಿದ ಬಾಲ್ಕನಿ, ಹಡಗಿನ ಹಾಗೆ? ಅದು ಮೂವತ್ತರ ದಶಕದ್ದು."

"ಆ ಬ್ಯಾಂಕು?"

"ಅದು ಟಿಟೊ ಕಾಲದ್ದು, ಸಮಾಜವಾದಿ ಸರಕಾರ ಕಟ್ಟಿಸಿದ ಪೆಟ್ಟಿಗೆ. ಎಲ್ಲರೂ ಬೈತಾರೆ. ಆದ್ರೆ ಬಾಗಿಲ ಪಕ್ಕದ ಗೋಡೇಲಿ ಬಣ್ಣದ ಚೂರು ಜೋಡಿಸಿ ಮೀನುಗಾರರ ಚಿತ್ರ ಮಾಡಿದ್ದಾರೆ, ನೋಡಿದ್ದೀಯ? ನಮ್ಮ ಊರಿನವರೇ ಮಾಡಿದ್ದು. ಇಡೀ ಬೀದಿ ಒಂದು ಪುಸ್ತಕ ಇದ್ದ ಹಾಗೆ ಅಂತ ನಾನು ಭಾಷಣ ಮಾಡಲ್ಲ. ನನಗೆ ಅನ್ನಿಸೋದು ಇಷ್ಟೆ. ಯಾರು ಯಾವಾಗ ಇಲ್ಲಿ ಬದುಕಿದ್ರು ಅಂತ ಕೇಳೋಕೆ ನಮಗೆ ಬೇರೆ ಸಾಕ್ಷಿ ಉಳಿದಿಲ್ಲ."

ದೆಸಾಂಕಾ ಸೂರಿನ ಕಡೆ ಬೆರಳು ತೋರಿಸಿದಳು. "ಆ ತಟ್ಟೆಗಳು ಯಾಕೆ? ಝಿವಾನ್ ಅದನ್ನ ಹಂದಿ ಮೂತಿ ಅಂತಾನೆ."

"ನನಗೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ತಿಳಿಯೋಕೆ ಒಂದು ಜಾಗ ಇದೆ. ನಾಳೆ ಬರ್ತೀಯಾ?"

ಊರಿನ ಹಳೆಯ ಕಡತಗಳ ಕಚೇರಿ ನದಿಯ ಕಡೆ, ಹಿಂದೆ ಉಪ್ಪಿನ ಗೋದಾಮಾಗಿದ್ದ ಕಟ್ಟಡದಲ್ಲಿತ್ತು. ಒಳಗೆ ಹೋಗಲು ಯಾರೂ ತಡೆಯುವುದಿಲ್ಲ ಎಂಬುದೇ ದೆಸಾಂಕಾಳಿಗೆ ಗೊತ್ತಿರಲಿಲ್ಲ. ಒಂದು ಚೀಟಿಯಲ್ಲಿ ಬೀದಿಯ ಹೆಸರು, ಮನೆಯ ಸಂಖ್ಯೆ ಬರೆದುಕೊಟ್ಟರು. ಅರ್ಧ ಗಂಟೆಯಲ್ಲಿ ಗುಮಾಸ್ತೆ ಒಂದು ರಟ್ಟಿನ ಕಡತ ತಂದಿಟ್ಟಳು. ಒಳಗೆ ಮಡಿಕೆ ಮಡಿಕೆಯಾಗಿ ಒಂದು ನಕ್ಷೆ.

ಊರು ಆಗ ಹಂಗೇರಿಯ ಆಳ್ವಿಕೆಯಲ್ಲಿತ್ತು, ಅಕ್ಷರವೆಲ್ಲ ಹಂಗೇರಿಯ ಭಾಷೆ. ಎರ್ಜಿಕಾ ಕನ್ನಡಕ ಏರಿಸಿಕೊಂಡು ಓದಿ ಹೇಳಿದಳು. "ಸಾವಿರದ ಒಂಬೈನೂರ ಎಂಟು. ಮನೆ ಕಟ್ಟಿಸೋಕೆ ಅನುಮತಿ ಕೇಳಿದವಳು ಹೆರ್ಮಿನಾ ಶ್ಪಿಟ್ಸರ್. ವಿಧವೆ. ಕಸುಬು..." ಅವಳು ನಿಲ್ಲಿಸಿದಳು. "ನೀನೇ ನೋಡು."

ನಕ್ಷೆಯಲ್ಲಿ ಮುಂಗೋಡೆಯ ಚಿತ್ರ ಶಾಯಿಯಲ್ಲಿ ಚೊಕ್ಕವಾಗಿತ್ತು. ಸೂರಿನ ಕೆಳಗಿನ ಪ್ರತಿಯೊಂದು ತಟ್ಟೆಯ ನಡುವೆ ನಾಲ್ಕು ತೂತುಗಳಿದ್ದವು. ದೆಸಾಂಕಾ ಬೆರಳಿಟ್ಟು ನೋಡಿದಳು. ಜೀವಮಾನವಿಡೀ ಅವಳು ಕೈಯಲ್ಲಿ ಹಿಡಿದದ್ದು ಅದನ್ನೇ.

"ಇವು ಗುಂಡಿಗಳು" ಎಂದಳು.

"ಗುಂಡಿಗಳೇ. ಮೇಲೆ ಮೇಲೆ ಬಣ್ಣ ಬಳಿದು ಬಳಿದು ತೂತು ಮುಚ್ಚಿಹೋಗಿದೆ. ಕಸುಬು, ಗುಂಡಿ ತಯಾರಿಕೆ ಮತ್ತು ಮಾರಾಟ. ಹಿತ್ತಿಲಲ್ಲಿ ಕಾರ್ಖಾನೆ, ನದಿಯ ಚಿಪ್ಪಿನಿಂದ ಗುಂಡಿ ಕೊರೀತಿದ್ರು."

"ಅದಕ್ಕೇ ನಮ್ಮ ಹಿತ್ತಿಲು ಅಗೆದಾಗೆಲ್ಲ ಚಿಪ್ಪು ಸಿಗೋದು. ನಾನು ನೆರೆ ಬಂದಾಗ ನದಿ ಬಿಟ್ಟುಹೋದದ್ದು ಅಂದ್ಕೊಂಡಿದ್ದೆ." ದೆಸಾಂಕಾ ಕಡತವನ್ನು ಎರ್ಜಿಕಾಳ ಕಡೆ ಸರಿಸಿ ಕೇಳಿದಳು. "ಅವರೆಲ್ಲ ಎಲ್ಲಿ ಹೋದ್ರು?"

ಎರ್ಜಿಕಾ ಕಡತದ ಕೊನೆಯ ಹಾಳೆ ತಿರುವಿದಳು. ಅದು ಮನೆಯನ್ನು ಸರಕಾರ ವಶಪಡಿಸಿಕೊಂಡ ಆದೇಶ. "ಅವರು ಯಹೂದಿಗಳು, ದೆಸಾಂಕಾ. ನಲವತ್ತನಾಲ್ಕರ ಏಪ್ರಿಲ್ ಕೊನೇಲಿ ಊರಿನ ಯಹೂದಿಗಳನ್ನೆಲ್ಲ ರೈಲಿಗೆ ತುಂಬಿ ನಾಜಿಗಳ ಸಾವಿನ ಶಿಬಿರಕ್ಕೆ ಕಳಿಸಿದ್ರು. ಹೆರ್ಮಿನಾ, ಅವಳ ಮಗಳು, ಇಬ್ಬರು ಮೊಮ್ಮಕ್ಕಳು. ಈ ಮನೆಯವರು ಯಾರೂ ವಾಪಸ್ಸು ಬರಲಿಲ್ಲ."

ಕಚೇರಿಯ ಹೊರಗೆ ಬಂದಾಗ ಬಿಸಿಲು ಚೆನ್ನಾಗಿತ್ತು. ಇಬ್ಬರೂ ಮನೆಯ ಕಡೆ ನಡೆದರು.

ಅವತ್ತು ಮಧ್ಯಾಹ್ನ ಊಟಕ್ಕೆ ಬೀನ್ಸ್ ಕಾಳಿನ ಸಾರಿತ್ತು. ದೆಸಾಂಕಾ ಎರ್ಜಿಕಾಳನ್ನೂ ಕೂರಿಸಿಕೊಂಡಳು. ತಟ್ಟೆಯ ವಿಷಯ ಕೇಳಿ ಝಿವಾನ್ ನಕ್ಕ.

"ಹಂದಿ ಮೂತಿಗೆ ಎರಡೇ ತೂತು ಇರೋದು, ನಾಲ್ಕಲ್ಲ. ಹಂಗಾದ್ರೆ ನಾನು ಸೋತೆ."

ಆಮೇಲೆ ದೆಸಾಂಕಾ ಉಳಿದದ್ದನ್ನೂ ಹೇಳಿದಳು. ಝಿವಾನ್ ಚಮಚ ಕೆಳಗಿಟ್ಟ.

"ನಮ್ಮ ಸ್ಟೇಷನ್ನಿಂದಲೇ?"

"ನಿಮ್ಮ ಸ್ಟೇಷನ್ನಿಂದಲೇ" ಎಂದಳು ಎರ್ಜಿಕಾ.

"ಯಾವ ಕಡೆಯಿಂದ?"

"ಸರಕು ಗೋದಾಮಿನ ಕಡೆಯಿಂದ. ನನ್ನಮ್ಮ ನೋಡಿದ್ಲು."

ಝಿವಾನ್ ಆ ಗೋದಾಮಿನ ಪಕ್ಕದ ಹಳಿಯ ಮೇಲೆ ಮೂವತ್ತು ವರ್ಷ ಸಿಗ್ನಲ್ ನೋಡಿಕೊಂಡವನು. ಬ್ರೆಡ್ಡಿನ ತುಂಡನ್ನು ಬೆರಳಿನಲ್ಲಿ ಉರುಳಿಸಿದ. "ಅಲ್ಲಿ ಅವರ ನೆನಪಿಗೆ ಒಂದು ಕಲ್ಲೂ ಇಲ್ಲ" ಎಂದ. "ಮೂವತ್ತು ವರ್ಷ ಅಲ್ಲಿ ಕೂತು ಬುತ್ತಿ ತಿಂದಿದ್ದೀನಿ. ಯಾರೂ ಹೇಳಲಿಲ್ಲ."

"ನೀನು ಕೇಳಲಿಲ್ಲ" ಎಂದಳು ಎರ್ಜಿಕಾ. "ನಿನ್ನೊಬ್ಬನದೇ ತಪ್ಪಲ್ಲ. ಕೇಳೋ ಅಭ್ಯಾಸ ನಮಗೆ ಯಾರಿಗೂ ಇಲ್ಲ."

ಆದರೂ ಝಿವಾನ್ ಸುಲಭಕ್ಕೆ ಬಗ್ಗುವವನಲ್ಲ. ಊಟ ಮುಗಿದು ಕಾಫಿ ಬರುವಷ್ಟರಲ್ಲಿ ಮತ್ತೆ ಮಾತು ತೆಗೆದ. "ನೋಡಿ ಎರ್ಜಿಕಕ್ಕ, ಸತ್ತವರಿಗೆ ನಾನು ಟೋಪಿ ತೆಗೀತೀನಿ. ಆದ್ರೆ ಚಳಿಗಾಲದಲ್ಲಿ ಈ ಟೋಪಿ ನನ್ನ ತಲೆ ಮೇಲೇ ಬೇಕು. ಗೋಡೆ ತೇವ, ಕಿಟಕೀಲಿ ಗಾಳಿ. ಇತಿಹಾಸ ಹೊದ್ದುಕೊಂಡು ಮಲಗೋಕಾಗುತ್ತಾ?"

"ಥರ್ಮೋಕೋಲ್ ಹೊಡೆದ್ರೆ ತೇವ ಹೋಗುತ್ತೆ ಅಂತ ಯಾರು ಹೇಳಿದ್ದು?"

"ಮಿಲೆ."

"ನಿನ್ನ ಗೆಳೆಯ ಸ್ಲಾವ್ಕೊ ಎರಡು ವರ್ಷದ ಹಿಂದೆ ತನ್ನ ಮನೆಗೆ ಹೊಡೆಸಿದ್ದಾನಲ್ಲ. ಹೋಗಿ ಒಳಗಡೆ ನೋಡ್ಕೊಂಡು ಬಾ. ಹೊರಗಡೆ ಅಲ್ಲ, ಒಳಗಡೆ. ಕಪಾಟು ಸರಿಸಿ ನೋಡು."

ಸ್ಲಾವ್ಕೊ ಸ್ಟೇಷನ್ ರಸ್ತೆಯವನು. ಅವನದೂ ಅದೇ ಕಾಲದ ಇಟ್ಟಿಗೆ ಮನೆ. ಮರುದಿನ ಗಂಡಹೆಂಡಿರಿಬ್ಬರೂ ಹೋದರು. ಹೊರಗಿನಿಂದ ಮನೆ ನಿಂಬೆಬಣ್ಣದಲ್ಲಿ ನುಣ್ಣಗಿತ್ತು. ಕಪಾಟು ಸರಿಸುವ ಮಾತು ಬಂದಾಗ ಸ್ಲಾವ್ಕೊನ ಮುಖ ಸಣ್ಣದಾಯಿತು.

"ಬೇಡ ಮಾರಾಯ, ನಾಚಿಕೆ ಆಗುತ್ತೆ."

"ನಾವು ಬೇರೆಯವರಾ? ಹಿಡಿ ಆ ತುದಿ."

ಕಪಾಟಿನ ಹಿಂದೆ ಗೋಡೆ ಸೊಂಟದೆತ್ತರಕ್ಕೆ ಕಪ್ಪು ಬೂಷ್ಟು ಹಿಡಿದಿತ್ತು. ದೆಸಾಂಕಾ ಮೂಗಿಗೆ ಕರವಸ್ತ್ರ ಹಿಡಿದಳು.

"ಮೊದಲು ಮೊಣಕಾಲಿನವರೆಗೆ ಇತ್ತು" ಎಂದ ಸ್ಲಾವ್ಕೊ. "ಈಗ ಸೊಂಟ. ಇನ್ನೆರಡು ವರ್ಷಕ್ಕೆ ಕುತ್ತಿಗೆಗೆ ಬರುತ್ತೆ. ಹೊರಗಡೆಯಿಂದ ಬ್ಯಾಂಕಿನ ಹಾಗಿದೆ, ಒಳಗಡೆ ಅಣಬೆ ಬೆಳೆದು ಮಾರಬಹುದು. ಹೆಂಡತಿಗೆ ಕೆಮ್ಮು ಬಿಟ್ಟಿಲ್ಲ."

ಕಪಾಟನ್ನು ಮತ್ತೆ ಜಾಗಕ್ಕೆ ಸರಿಸಿ ಝಿವಾನ್ ಹೊರಟ. ಮನೆ ಹತ್ತಿರ ಬಂದಾಗ, "ಎರ್ಜಿಕಕ್ಕನಿಗೆ ಗೊತ್ತಿರೋ ಗಾರೆ ಕೆಲಸದವನು ಯಾರಾದ್ರೂ ಇದ್ರೆ ಕರೆಸು. ನೋಡೋದಕ್ಕೇನು ಖರ್ಚು?" ಎಂದ.

ಹಾಗೆ ವುಕಾಶಿನ್ ಬಂದ. ನಲವತ್ತರ ಆಸುಪಾಸಿನ ಸಣಕಲು ಮನುಷ್ಯ. ಹಳೆಯ ಕಟ್ಟಡಗಳ ರಕ್ಷಣೆಯ ಕಚೇರಿಯವರು ಹೇಳಿದ ಕಡೆಗಳಲ್ಲೆಲ್ಲ ಸುಣ್ಣದ ಗಾರೆ ಕೆಲಸ ಮಾಡುವವನು. ಹೆಚ್ಚು ಮಾತಿಲ್ಲ. ಏಣಿ ಹತ್ತಿ ಮುಂಗೋಡೆಯನ್ನು ಬೆರಳ ಗಿಣ್ಣಿನಿಂದ ತಟ್ಟುತ್ತಾ ಹೋದ. ಕೆಲವು ಕಡೆ ಟಣ್ ಎಂದಿತು, ಕೆಲವು ಕಡೆ ಡೊಳ್ಳು.

"ಕೇಳಿಸ್ತಾ ಅಕ್ಕಾ? ಟಣ್ ಅಂದದ್ದು ಗಟ್ಟಿ. ಡೊಳ್ಳು ಅಂದದ್ದು ಗೋಡೆ ಬಿಟ್ಟಿದೆ. ನಿಮ್ಮ ಗೋಡೇಲಿ ನಾಲ್ಕರಲ್ಲಿ ಮೂರು ಪಾಲು ಗಟ್ಟಿ. ಒಂದು ಪಾಲಿಗೋಸ್ಕರ ಎಲ್ಲಾನೂ ಕೆತ್ತಿ ಎಸೀತೀರಾ?"

ಆಮೇಲೆ ಸೂರಿನ ಕಡೆ ಕೈ ತೋರಿಸಿದ. ಮಳೆನೀರು ಹೋಗುವ ತಗಡಿನ ದೋಣಿ ಎಡಮೂಲೆಯಲ್ಲಿ ತುಕ್ಕು ಹಿಡಿದು ಒಡೆದಿತ್ತು. ನೀರೆಲ್ಲ ಗೋಡೆಯೊಳಗೆ ಇಳಿದು ಎಡಗಡೆಯ ಮುಖವನ್ನು ಸಡಿಲಿಸಿತ್ತು. ಕೆಳಗೆ ಬಂದು ಗೋಡೆಯ ಬುಡವನ್ನು ಬೂಟಿನಿಂದ ಒದ್ದ. "ಈ ಸಿಮೆಂಟು ಯಾರು ಹೊಡೆಸಿದ್ದು?"

"ನಾನೇ" ಎಂದ ಝಿವಾನ್. "ಎಂಬತ್ತಾರರಲ್ಲಿ. ತೇವ ತಡೀಲಿ ಅಂತ."

"ತೇವ ಹೊರಗೆ ಹೋಗೋದನ್ನ ತಡೆದಿದ್ದೀರಿ ಅಣ್ಣಾ. ಹಳೇ ಇಟ್ಟಿಗೆ ಗೋಡೆ ನೆಲದಿಂದ ನೀರು ಕುಡಿಯುತ್ತೆ, ಗಾಳಿಗೆ ಬಿಡುತ್ತೆ. ಸುಣ್ಣದ ಗಾರೆ ಅದಕ್ಕೆ ದಾರಿ ಕೊಡುತ್ತೆ. ಸಿಮೆಂಟು ಕೊಡಲ್ಲ, ಥರ್ಮೋಕೋಲ್ ಕೊಡಲ್ಲ. ಹೊರಗೆ ದಾರಿ ಇಲ್ಲ ಅಂದ್ರೆ ನೀರು ಒಳಗಡೆ ಬರುತ್ತೆ, ಮೇಲಕ್ಕೆ ಏರುತ್ತೆ."

"ಸ್ಲಾವ್ಕೊ ಸೊಂಟ" ಎಂದ ಝಿವಾನ್ ಮೆಲ್ಲಗೆ.

"ಹಾಗಾದ್ರೆ ಚಳಿಗೆ ಏನು?" ದೆಸಾಂಕಾ ಕೇಳಿದಳು. ಅವಳಿಗೆ ನೇರ ಉತ್ತರ ಬೇಕಿತ್ತು.

"ಅಟ್ಟ ತೋರಿಸಿ."

ಅಟ್ಟದಲ್ಲಿ ಎಲೆಕೋಸು ಉಪ್ಪುಹಾಕುವ ಹಳೆಯ ಪೀಪಾಯಿ, ಮುರಿದ ತೊಟ್ಟಿಲು, ಪಾರಿವಾಳದ ಹಿಕ್ಕೆ. ನೆಲದಲ್ಲಿ ಬರೀ ಹಲಗೆ. ವುಕಾಶಿನ್ ಹಲಗೆಯ ಮೇಲೆ ಅಂಗೈಯಿಟ್ಟ. "ನಿಮ್ಮ ಒಲೆಯ ಬಿಸಿ ಇಲ್ಲಿಂದ ಹೋಗ್ತಿದೆ. ಗೋಡೆಗೆ ಹೊದಿಸೋದನ್ನ ಇಲ್ಲಿ ಹಾಸಿ. ಉಣ್ಣೆಯಂಥ ಹಾಸು ಸಿಗುತ್ತೆ, ಎರಡು ದಿನದ ಕೆಲಸ, ಬೀದಿಗೆ ಕಾಣೋದೇ ಇಲ್ಲ. ಕಿಟಕಿ ಕೀಳಬೇಡಿ. ಅವು ಎರಡು ಪದರದ್ದು, ಓಕ್ ಮರ, ನಿಮ್ಮ ಪ್ಲಾಸ್ಟಿಕ್ಕಿಗಿಂತ ಮೂರು ಪಟ್ಟು ಬಾಳುತ್ತೆ. ಹುಳ ತಿಂದ ಮರ ಬದಲಾಯಿಸಿ, ಸಂದಿಗೆ ರಬ್ಬರ್ ಪಟ್ಟಿ ಕೂರಿಸಿ. ಪರದೆ ಅಲ್ಲಾಡಿದ್ರೆ ನನ್ನನ್ನ ಕರೀರಿ."

"ಬಿದ್ದುಹೋದ ಮುಖ?"

"ನಡುವಿನ ಮುಖ ಪೂರ್ತಿ ಇದೆ. ಅದರ ಅಚ್ಚು ತೆಗೀತೀನಿ. ಆ ಕಾಲದಲ್ಲೂ ಮೂರನ್ನೂ ಒಂದೇ ಅಚ್ಚಿನಲ್ಲಿ ತೆಗೆದದ್ದು, ಮೂಗು ನೋಡಿ, ಒಂದೇ ಮೂಗು. ಆದ್ರೆ ಒಂದು ವಿಷಯ. ಎಲ್ಲಾ ಒಂದೇ ವರ್ಷ ಆಗಲ್ಲ. ಮೊದಲು ದೋಣಿ, ಸಡಿಲವಾದ್ದು, ನೋಟಿಸಿನ ಕೆಲಸ. ಗೋಡೆ ಪೂರ್ತಿ ಒಣಗೋಕೆ ಎರಡು ಬೇಸಿಗೆ ಬೇಕು. ಆಗಲ್ಲ ಅಂತೀರಾದ್ರೆ ಈಗಲೇ ಹೇಳಿ."

ದೆಸಾಂಕಾ ಗಂಡನ ಮುಖ ನೋಡಿದಳು. ಅವನು ಆಗಲಿ ಎಂದು ತಲೆಯಾಡಿಸಿದ.

ಎರ್ಜಿಕಾ ಅವಳನ್ನು ರಕ್ಷಣೆಯ ಕಚೇರಿಗೆ ಕರೆದೊಯ್ದಳು. ಅಲ್ಲಿನ ಸಲಹೆ ಪುಕ್ಕಟೆ. ಯಾವ ಬಣ್ಣ, ಯಾವ ಗಾರೆ ಎಂದು ಬರೆದುಕೊಟ್ಟರು. ಮುಂಗೋಡೆ ದುರಸ್ತಿಗೆ ನಗರಸಭೆಯ ಸಹಾಯಧನವಿದೆ ಎಂಬುದೂ ಅಲ್ಲೇ ತಿಳಿಯಿತು. ದೆಸಾಂಕಾಳಿಗೆ ಆ ವರ್ಷ ಸಿಗಲಿಲ್ಲ, ಅರ್ಜಿ ತಡವಾಗಿತ್ತು. ಮರುವರ್ಷಕ್ಕೆ ಅವಳು ಮೊದಲ ದಿನವೇ ಸಾಲಿನಲ್ಲಿ ನಿಂತು ಪಡೆದಳು.

ಈಸ್ಟರ್ ಕಳೆಯಿತು. ಮಿಲೆಗೆ ದೆಸಾಂಕಾ ಮೊದಲೇ ಫೋನು ಮಾಡಿ ಬೇಡವೆಂದಿದ್ದಳು. ಆದರೂ ಅವನು ಬಂದೇ ಬಂದ, ಲಾರಿಯಲ್ಲಿ ಸಾರುವೆಯ ಕಬ್ಬಿಣವನ್ನೂ ಥರ್ಮೋಕೋಲ್ ಹಲಗೆಗಳನ್ನೂ ಹೇರಿಕೊಂಡು. ಹೆಂಗಸಿನ ಮಾತು ತಾನೇ, ಎದುರು ನಿಂತರೆ ಬದಲಾಗುತ್ತದೆ ಎಂದುಕೊಂಡಿದ್ದ.

"ದೆಸಾಂಕಕ್ಕಾ, ಕೈ ಕುಲುಕಿದ್ದೀವಿ."

"ಕುಲುಕಿದ್ದೆ. ತಪ್ಪು ನನ್ನದು, ಕ್ಷಮಿಸು. ಆದ್ರೆ ನನ್ನ ಮನೆ ಮುಖ ನಾನು ಕೆತ್ತಿಸಲ್ಲ."

"ಮ್ಯೂಸಿಯಮ್ಮಿನಲ್ಲಿ ಸಂಸಾರ ಮಾಡಿ ಹಂಗಾದ್ರೆ. ಊರೆಲ್ಲ ಮುಂದೆ ಹೋಗ್ತಿದೆ, ನೀವು ಮಾತ್ರ ಅಜ್ಜಿ ಕಾಲದ ಬೊಂಬೆ ಹಿಡ್ಕೊಂಡು ಕೂತಿರಿ. ಜನ ನಗ್ತಾರೆ."

ಅಂಗಡಿಯಲ್ಲಿ ಇಬ್ಬರು ಗಿರಾಕಿಗಳಿದ್ದರು. ದೆಸಾಂಕಾ ದನಿ ಏರಿಸಲಿಲ್ಲ. "ಮಿಲೆ, ಸ್ಲಾವ್ಕೊ ಮನೆ ಕಪಾಟಿನ ಹಿಂದೆ ಏನಿದೆ ಅಂತ ನೀನು ನೋಡಿದ್ದೀಯಾ? ನಾನು ನೋಡಿದ್ದೀನಿ. ಹೊಸ ಮನೆಗೆ ನಿನ್ನ ಹಲಗೆ ಸರಿ ಇರಬಹುದು. ನೂರು ವರ್ಷದ ತೇವದ ಇಟ್ಟಿಗೆಗೆ ಅಲ್ಲ. ನೀನು ಕೆಟ್ಟವನಲ್ಲ, ನಿನಗೆ ಯಾರೂ ಹೇಳಿಲ್ಲ. ನನಗೂ ಹೇಳಿರಲಿಲ್ಲ. ಈಗ ಕೇಳು. ನಿನ್ನ ಥರ್ಮೋಕೋಲ್ ಬೇಡ, ಸಾರುವೆ ಬೇಕು. ಬಾಡಿಗೆಗೆ ಕೊಡ್ತೀಯಾ?"

ಮಿಲೆ ಲಾರಿಯ ಕಡೆ ನೋಡಿದ. ಹೇರಿ ತಂದದ್ದನ್ನೆಲ್ಲ ಹಾಗೇ ವಾಪಸ್ಸು ಒಯ್ಯುವ ಮನಸ್ಸು ಅವನಿಗೂ ಇರಲಿಲ್ಲ. "ಕೊಡ್ತೀನಿ. ಆದ್ರೆ ಅದರ ಮೇಲೆ ಬೇರೆ ಯಾರೋ ಹತ್ತಿ ಬಿದ್ರೆ ನನ್ನ ತಲೆಗೆ ಬರುತ್ತೆ. ನಾನೇ ಕಟ್ತೀನಿ, ನಾನೇ ಬಿಚ್ತೀನಿ."

ಸಾರುವೆ ಕಟ್ಟಿ ಮುಗಿದ ಮೇಲೂ ಅವನು ಹೋಗಲಿಲ್ಲ. ಕೆಳಗೆ ನಿಂತು, ವುಕಾಶಿನ್ ಸುಣ್ಣವನ್ನು ಕಲಸುವುದನ್ನು, ನಡುವಿನ ಮುಖಕ್ಕೆ ರಬ್ಬರ್ ಬಳಿದು ಅಚ್ಚು ತೆಗೆಯುವುದನ್ನು ಗೇಲಿ ಮಾಡುತ್ತ ನೋಡಿದ. ಮೂರನೆಯ ದಿನ ಗೇಲಿ ನಿಂತಿತು. ನಾಲ್ಕನೆಯ ದಿನ, "ಆ ಕರಣೆ ಹಾಗಲ್ಲ, ಇಲ್ಲಿ ಕೊಡು" ಎಂದು ಮೇಲೆ ಹತ್ತಿದ. ಕೈಯಲ್ಲಿ ಕಸುಬಿತ್ತು, ಥರ್ಮೋಕೋಲ್ ಅಂಟಿಸುತ್ತ ಅದಕ್ಕೆ ತುಕ್ಕು ಹಿಡಿದಿತ್ತು ಅಷ್ಟೆ. ತಟ್ಟೆಗಳ ಮೇಲಿನ ಬಣ್ಣದ ಪದರಗಳನ್ನು ಬಿಸಿಗಾಳಿಯಿಂದ ಮೆತ್ತಗೆ ಮಾಡಿ ಸುಲಿದವನು ಅವನೇ. ಮೊದಲ ಗುಂಡಿಯ ನಾಲ್ಕು ತೂತು ತೆರೆದುಕೊಂಡಾಗ ಕೆಳಗೆ ನಿಂತ ಜನ ಲೆಕ್ಕ ಹಾಕುತ್ತಿದ್ದರು. ಬುಟ್ಟಿ ಕಳೆದುಕೊಂಡ ಅಂಚೆಯವಳು ಹೊಸ ಬುಟ್ಟಿಯ ಸೈಕಲ್ಲನ್ನು ಸ್ವಲ್ಪ ದೂರವೇ ನಿಲ್ಲಿಸಿ ನೋಡಿದಳು.

"ಆ ಮೂರು ಮುಖ ಯಾರದು ಎರ್ಜಿಕಕ್ಕ?" ಝಿವಾನ್ ಕೇಳಿದ. "ಹೆರ್ಮಿನಾ, ಮಗಳು, ಮೊಮ್ಮಗಳು ಅಂತ ಹೇಳೋಣವಾ? ಚೆನ್ನಾಗಿರುತ್ತೆ."

"ಚೆನ್ನಾಗಿರುತ್ತೆ, ಆದ್ರೆ ಸುಳ್ಳು. ಒಂದೇ ಅಚ್ಚಿನ ಮುಖ ಅದು, ಆ ಕಾಲದಲ್ಲಿ ಎಲ್ಲಾ ಕಡೆ ಹಾಕ್ತಿದ್ರು. ಗೊತ್ತಿರೋದನ್ನ ಹೇಳು, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನು. ಊಹೆಯನ್ನ ಇತಿಹಾಸ ಅಂತ ಮಾರಬಾರದು."

ಮೊದಲ ಚಳಿಗಾಲದಲ್ಲೇ ಮೇಲಿನ ಮನೆಯಲ್ಲಿ ಪರದೆ ಅಲ್ಲಾಡುವುದು ನಿಂತಿತು. ಅಟ್ಟಕ್ಕೆ ಹಾಸು ಬಿದ್ದ ಮೇಲೆ ಒಲೆ ಅರ್ಧ ಉರಿದರೂ ಸಾಕಾಗುತ್ತಿತ್ತು. ಬುಡದ ಸಿಮೆಂಟು ಕಿತ್ತ ಅಂಗಡಿಯ ಗೋಡೆ ಸಾವಕಾಶವಾಗಿ ಒಣಗುತ್ತ ಬಂತು. ಮೊಣಕಾಲಿನ ತೇವ ಪಾದಕ್ಕಿಳಿಯಿತು. ಝಿವಾನ್ ಬನಿಯನ್‌ನಲ್ಲೇನೂ ಕೂರಲಿಲ್ಲ. ಆದರೆ ಟೋಪಿ ಗೂಟಕ್ಕೆ ಹೋಯಿತು.

ಎರಡನೆಯ ಬೇಸಿಗೆಯಲ್ಲಿ ಬಣ್ಣವೂ ಮುಗಿಯಿತು. ಅಂಗಡಿಯ ಮೇಲೆ ಹೆಸರು ಬರೆಯುವ ಪಟ್ಟಿ ಮಾತ್ರ ಖಾಲಿ ಉಳಿದಿತ್ತು. ದೆಸಾಂಕಾ ಬರೆಯುವವನಿಗೆ ಹಳೆಯ ನಕ್ಷೆಯ ನಕಲನ್ನು ಕೊಟ್ಟಳು. ಅದರಲ್ಲಿದ್ದ ಅಕ್ಷರದ ಮಾದರಿಯಲ್ಲೇ ಬರೆಯಬೇಕು: ಹೆರ್ಮಿನಾ ಶ್ಪಿಟ್ಸರ್, ಗುಂಡಿಗಳು, ೧೯೦೮. ಅದರ ಕೆಳಗೆ ಚಿಕ್ಕದಾಗಿ ತನ್ನ ಹೆಸರು.

"ನಿನ್ನ ಹೆಸರೇ ಚಿಕ್ಕದಾ?" ಎಂದ ಝಿವಾನ್. "ಬಂದವರೆಲ್ಲ ಈ ಹೆರ್ಮಿನಾ ಯಾರು ಅಂತ ಕೇಳ್ತಾರೆ. ದಿನಕ್ಕೆ ಹತ್ತು ಸಲ ಹೇಳಬೇಕಾಗುತ್ತೆ."

"ಕೇಳ್ಲಿ ಅಂತಲೇ ಹಾಕ್ಸ್ತಿರೋದು. ಹತ್ತು ಸಲ ಹೇಳ್ತೀನಿ."

ಹೇಳುವ ಕೆಲಸ ಕೊನೆಗೆ ಝಿವಾನನ ಪಾಲಿಗೇ ಬಂತು. ಈಗ ಬೆಳಿಗ್ಗೆ ಹತ್ತರ ಹೊತ್ತಿಗೆ ಅವನು ವಿಮೆ ಕಚೇರಿಯ ಮುಂದೆ ನಿಂತಿರುತ್ತಾನೆ. ಯಾರಾದರೂ ಕತ್ತೆತ್ತಿದರೆ ಸಾಕು, "ಅಲ್ಲಿಂದ ಕಾಣಲ್ಲ, ಇಲ್ಲಿ ಬನ್ನಿ" ಎನ್ನುತ್ತಾನೆ. ಹೇಳುವುದೆಲ್ಲ ಹೇಳಿ ಮುಗಿಸಿ, ಕೊನೆಗೆ ಸ್ಟೇಷನ್ನಿನ ಗೋದಾಮಿಗೆ ಹೋಗುವ ದಾರಿಯನ್ನೂ ತೋರಿಸುತ್ತಾನೆ. ಅಲ್ಲೊಂದು ಕಲ್ಲು ನೆಡಲು ಊರಿನವರ ಸಹಿ ಸಂಗ್ರಹಿಸುತ್ತಿರುವವನು ಅವನೇ. ಮೊದಲ ಹಾಳೆಯಲ್ಲಿ ಸ್ಲಾವ್ಕೊನ ಸಹಿಯಿದೆ, ಮಿಲೆಯದೂ ಇದೆ.

ಅಮ್ಮಂದಿರೇ, ಅಣ್ಣಂದಿರೇ, ಇದು ಒಂದು ಊರಿನ ಒಂದು ಮನೆಯ ಕಥೆ. ನೀವಿರುವ ಊರಿನಲ್ಲೂ ಬಣ್ಣ ಉದುರಿದ ಒಂದು ಗೋಡೆ, ಕೆತ್ತನೆಯ ಒಂದು ಬಾಗಿಲು, ಇಸವಿ ಬರೆದ ಒಂದು ಕಲ್ಲು ಇದ್ದೇ ಇರುತ್ತದೆ. ಅದನ್ನು ಒಡೆಯುವ ಮೊದಲು, ಮುಚ್ಚುವ ಮೊದಲು, ಒಂದು ಸಲ ರಸ್ತೆ ದಾಟಿ ನಿಂತು ನೋಡಿ. ಕಟ್ಟಿದವರು ಯಾರೆಂದು ಹಿರಿಯರನ್ನು ಕೇಳಿ. ಅವರಿಗೆ ಗೊತ್ತಿಲ್ಲದಿದ್ದರೆ ಕಡತದ ಕಚೇರಿಯ ಬಾಗಿಲು ತಟ್ಟಿ, ಅಲ್ಲಿ ನಿಮ್ಮನ್ನು ಯಾರೂ ಹೊರಗೆ ಕಳಿಸುವುದಿಲ್ಲ. ತೇವ ಬಂದರೆ ಮೊದಲು ಸೂರಿನ ನೀರು ಎಲ್ಲಿ ಸೋರುತ್ತಿದೆ ನೋಡಿ, ಆಮೇಲೆ ಗೋಡೆಯ ಮೇಲೆ ಕೈ ಮಾಡಿ. ಹಳೆಯ ಕೆಲಸ ಬಲ್ಲವನೊಬ್ಬನಿಂದ ಗೋಡೆ ತಟ್ಟಿಸಿ ಕೇಳಿ. ನೀವು ಅಂದುಕೊಂಡದ್ದಕ್ಕಿಂತ ಹೆಚ್ಚು ಗಟ್ಟಿಯಾಗಿ ಅದು ನಿಂತಿರಬಹುದು.

ಕೆತ್ತಿ ಎಸೆಯಲು ಒಂದು ಮಧ್ಯಾಹ್ನ ಸಾಕು. ಎಸೆದ ಮೇಲೆ ಕೇಳಲು ಯಾರೂ ಇರುವುದಿಲ್ಲ. ಆದ್ದರಿಂದ ಇವತ್ತೇ ಹೋಗಿ. ಎದುರು ಬದಿ ದೂರವೇನಿಲ್ಲ.